ತಾತನ ಮೇಜಿಗೆ ಮತ್ತೆ ಕೆಲಸ ಕೊಡಬೇಕು: ಬಲ್ಲವರು ದಾರಿ ಹೇಳಿ

ತೇಗದ ಮೇಜು | ಕೃಷ್ಣಮೂರ್ತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ನಿವೃತ್ತಿಯ ನಂತರ ಮನೆಯಲ್ಲಿ ಕುಳಿತು ಬರೆಯಲೆಂದು ಒಂದು ತೇಗದ ಮೇಜು ಮಾಡಿಸಿಕೊಂಡಿದ್ದರು. ಐದಡಿ ಉದ್ದ, ಮೂರಡಿ ಅಗಲ, ಎರಡೂ ಪಕ್ಕಕ್ಕೆ ಮೂರು ಮೂರು ಖಾನೆ, ಮೇಲೆ ಹಸಿರು ಬನಾತು (ದಪ್ಪ ಉಣ್ಣೆ ಬಟ್ಟೆ). ತಾತ ತೀರಿಕೊಂಡ ಮೇಲೆ ಅದು ಉಗ್ರಾಣ ಸೇರಿ ಮೂವತ್ತು ವರ್ಷ ಅಕ್ಕಿ ಮೂಟೆ ಹೊತ್ತಿತು. ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ನಾಲ್ಕು ಜನ ಹಿಡಿದು ಹಜಾರಕ್ಕೆ ತಂದಿಟ್ಟರು. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದೆ. ಅಂದಿನಿಂದ ಬೇರೆ ಯಾವ ಮೇಜಿನ ಮುಂದೆಯೂ ಕುಳಿತುಕೊಳ್ಳಲು ಮನಸ್ಸಾಗುತ್ತಿಲ್ಲ.

ನಾನು ಮನೆಯಿಂದಲೇ ಅನುವಾದ ಮಾಡುವವಳು, ಕರಡು ತಿದ್ದುವವಳು. ದಿನಕ್ಕೆ ಎಂಟು ಗಂಟೆ ಮೇಜಿನ ಮುಂದೆಯೇ ಕಳೆಯುತ್ತದೆ. ಈವರೆಗೆ ಊಟದ ಮೇಜೇ ನನ್ನ ಕಚೇರಿಯಾಗಿತ್ತು. ಈಗ ಕಿಟಕಿಯ ಪಕ್ಕದ ಚಿಕ್ಕ ಕೋಣೆಯನ್ನು ಖಾಲಿ ಮಾಡಿದ್ದೇನೆ.

ಬಲಗಡೆಯ ಕೆಳಗಿನ ಖಾನೆಗೆ ಬೀಗವಿತ್ತು. ಬೀಗದವನನ್ನು ಕರೆಸಿ ತೆಗೆಸಿದಾಗ ಸಿಕ್ಕಿದ್ದು ಇಷ್ಟು: ಅರ್ಧ ಉರಿದ ಕೆಂಪು ಅರಗಿನ ಕಡ್ಡಿ, ಅಕ್ಷರ ಸವೆದ ಹಿತ್ತಾಳೆಯ ಮೊಹರು, ಕರಿಮರದ ರೂಲು ದೊಣ್ಣೆ, ಕಾಗದ ಹಾರದಂತೆ ಮೇಲಿಡುವ, ಒಳಗೆ ಗುಳ್ಳೆಗಳಿರುವ ಗಾಜಿನ ಗುಂಡು, ದಾರ ಪೋಣಿಸಿದ ದಬ್ಬಳ, ಒಣಗಿದ ಶಾಯಿಯ ಎರಡು ಕುಡಿಕೆ, ಬರೆದ ಶಾಯಿಯ ಮೇಲೆ ಒತ್ತಿ ಒದ್ದೆ ಹೀರಿಸುವ, ಹಿಡಿಯಿರುವ ಅರ್ಧಚಂದ್ರಾಕಾರದ ಮರದ ಬ್ಲಾಟರು, ಒಂದು ಫೌಂಟನ್ ಪೆನ್ನು. ಇದಲ್ಲದೆ ಅಟ್ಟದ ಮೇಲೆ ಒಂದು ಕನ್ನಡ ಟೈಪ್‌ರೈಟರ್ ಇದೆ. ಬೆತ್ತದ ಕುರ್ಚಿಯೂ ಇದೆ, ಆದರೆ ಕೂರುವ ಜಾಗದಲ್ಲಿ ತೂತು ಬಿದ್ದಿದೆ.

ಒಳಾಂಗಣ ವಿನ್ಯಾಸ ಮಾಡುವವರೊಬ್ಬರು ಬಂದು ನೋಡಿದರು. ಮೇಜನ್ನು ಉಜ್ಜಿ ಪಿ.ಯು. (ಪಾಲಿಯುರೆಥೇನ್) ಲೇಪ ಹಾಕಿಸಿ, ಮೇಲೆ ಗಾಜು ಕೂರಿಸಿ, ಗಾಜಿನಡಿ ಈ ಸಾಮಾನುಗಳನ್ನು ಚೆಂದವಾಗಿ ಜೋಡಿಸಿಟ್ಟರೆ ಕೋಣೆ ಬಹಳ ಸೊಗಸಾಗಿ ಕಾಣುತ್ತದೆ ಎಂದರು. ಅವರ ಮಾತಿನಲ್ಲಿ ಕಪಟವಿಲ್ಲ. ಆದರೂ ಅದನ್ನು ಕೇಳಿ ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಈ ವಸ್ತುಗಳು ನೋಡುವುದಕ್ಕೆ ಮಾಡಿದವಲ್ಲ, ಹಿಡಿಯುವುದಕ್ಕೆ ಮಾಡಿದವು. ಯಾವುದನ್ನು ನಾನು ದಿನವೂ ಬಳಸಬಹುದು, ಹೇಗೆ ಬಳಸಬೇಕು, ಮೇಜಿನ ಮೇಲ್ಮೈಗೆ ಏನು ಮಾಡಬೇಕು? ಬಿಳಿಯ ಉಂಗುರದಂಥ ಕಲೆಗಳೂ ಅಂಗೈಯಗಲದ ಕಪ್ಪು ಶಾಯಿಯ ಕಲೆಯೂ ಇವೆ.

ಹಳೆಯ ಗುಮಾಸ್ತ | ಸರಸ್ವತಿಪುರಂ

ಅಮ್ಮಾ, ನಿಮ್ಮ ಖಾನೆಯ ಪಟ್ಟಿ ಓದುತ್ತಿದ್ದಂತೆ ನನಗೆ ನನ್ನ ಮೊದಲ ದಿನದ ಕಚೇರಿ ಕಣ್ಣ ಮುಂದೆ ಬಂತು. ಮೂವತ್ತಾರು ವರ್ಷ ಕಂದಾಯ ಇಲಾಖೆಯಲ್ಲಿ ಕಡತ ಕಟ್ಟಿದವನು ನಾನು. ಬಲ್ಲಷ್ಟು ಹೇಳುತ್ತೇನೆ.

ರೂಲು ದೊಣ್ಣೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈಗಿನವರಿಗೆ ಅದು ಮೇಷ್ಟ್ರು ಹೊಡೆಯುವ ಕೋಲಾಗಿಯೇ ಗೊತ್ತು. ಅದು ದುಂಡಗಿರುವುದಕ್ಕೆ ಕಾರಣವಿದೆ. ಚಪ್ಪಟೆ ಪಟ್ಟಿಯನ್ನು ಕಾಗದದ ಮೇಲಿಟ್ಟು ಶಾಯಿಯ ಗೆರೆ ಎಳೆದರೆ, ಪಟ್ಟಿಯ ಅಂಚಿನಡಿಗೆ ಶಾಯಿ ಹರಿದು ಗೆರೆ ರಾಡಿಯಾಗುತ್ತದೆ. ದೊಣ್ಣೆ ಕಾಗದವನ್ನು ಮುಟ್ಟುವುದು ಒಂದೇ ಒಂದು ರೇಖೆಯಲ್ಲಿ. ಲೇಖನಿ ಆನಿಕೊಂಡು ಸಾಗುವ ಪಕ್ಕ ಕಾಗದದಿಂದ ಮೇಲಿರುತ್ತದೆ, ಆದ್ದರಿಂದ ಶಾಯಿ ಹರಡುವುದಿಲ್ಲ. ಇನ್ನೊಂದು ಉಪಯೋಗ: ಎಡಗೈಯ ಬೆರಳುಗಳನ್ನು ಚಾಚಿ ಮೆಲ್ಲಗೆ ಉರುಳಿಸಿದರೆ ದೊಣ್ಣೆ ಸಮಾನಾಂತರವಾಗಿಯೇ ಕೆಳಗಿಳಿಯುತ್ತದೆ. ಅಳತೆ ಗುರುತು ಹಾಕದೆ ಇಡೀ ಹಾಳೆಗೆ ಕಾಲಂ ಎಳೆಯುತ್ತಿದ್ದೆವು. ಮೊದಲ ವಾರ ಗೆರೆಗಳು ಸೊಟ್ಟಗಾಗುತ್ತವೆ. ಎರಡನೇ ವಾರಕ್ಕೆ ಕೈ ಕಲಿಯುತ್ತದೆ. ನಿಮ್ಮ ಕರಡು ತಿದ್ದುವ ಕೆಲಸಕ್ಕೆ, ಸಾಲಿನಡಿ ಇಟ್ಟು ಓದುವುದಕ್ಕೆ ಅದರಷ್ಟು ಒಳ್ಳೆಯ ಜೊತೆಗಾರ ಇನ್ನೊಂದಿಲ್ಲ.

ದಬ್ಬಳ: ಹಾಳೆಗಳ ಎಡ ಮೂಲೆಯಲ್ಲಿ ಚುಚ್ಚಿ ದಾರ ಎಳೆದು ಗಂಟು ಹಾಕಿದರೆ ಐವತ್ತು ವರ್ಷವಾದರೂ ಹಾಳೆ ಕದಲುವುದಿಲ್ಲ. ಮುದ್ರಿಸಿದ ಕರಡುಗಳನ್ನು ಹಾಗೆ ಕಟ್ಟಿ ನೋಡಿ.

ಮೊಹರಿನ ಬಗ್ಗೆ ಒಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಅಕ್ಷರ ಸವೆದಿದ್ದರೂ ಅದು ಕಚೇರಿಯ ಮೊಹರು. ಅದನ್ನು ಯಾವ ಪತ್ರದ ಮೇಲೂ, ಆಸೆಗೂ ಒತ್ತಬೇಡಿ. ನಮ್ಮ ಕಾಲದಲ್ಲಿ ಮೊಹರು ಮೇಲಧಿಕಾರಿಯ ಬೀಗದ ಪೆಟ್ಟಿಗೆಯಲ್ಲಿರುತ್ತಿತ್ತು, ಹೊರಗೆ ಬಂದರೆ ಲೆಕ್ಕಕ್ಕೆ ಬರುತ್ತಿತ್ತು. ಅರಗು ಬಳಸುವ ಆಸೆಯಿದ್ದರೆ ನಿಮ್ಮ ಹೆಸರಿನ ಮೊದಲಕ್ಷರದ ಮೊಹರು ಮಾಡಿಸಿಕೊಳ್ಳಿ. ಈ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಅಥವಾ ಕಚೇರಿಗೆ ಒಪ್ಪಿಸಿಬಿಡಿ.

ಬೀಟೆ ಮತ್ತು ಹೊನ್ನೆ | ಮಂಡಿ ಮೊಹಲ್ಲಾ

ನಮ್ಮದು ಮರಗೆಲಸದ ಮನೆ. ತಂದೆಯವರು ಬೀಟೆ ಮರದಲ್ಲಿ ಕುಸುರಿ ಕೂರಿಸುವವರು, ನಾನು ಹಳೆಯ ಪೀಠೋಪಕರಣಗಳ ಪಾಲಿಶ್ ಕೆಲಸ ನೋಡಿಕೊಳ್ಳುತ್ತೇನೆ. ಮೇಡಂ, ಪಿ.ಯು. ಲೇಪ ಬೇಡವೇ ಬೇಡ. ಕಾರಣ ಕೇಳಿ.

ನಿಮ್ಮ ಮೇಜಿಗೆ ಹಾಕಿರುವುದು ಬಹುಮಟ್ಟಿಗೆ ಅರಗಿನ ಪಾಲಿಶ್. ಮರಗೆಲಸದವರು ಸ್ಪಿರಿಟ್ ಪಾಲಿಶ್ ಎನ್ನುವುದು ಇದನ್ನೇ. ಅರಗಿನ ಹುಳು ಮರದ ಕೊಂಬೆಯ ಮೇಲೆ ಸುರಿಸಿದ ಅಂಟನ್ನು ಶುದ್ಧ ಮಾಡಿ ಚಕ್ಕೆ ಮಾಡುತ್ತಾರೆ, ಆ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಹಾಕುತ್ತೇವೆ. ಬಿಳಿ ಉಂಗುರಗಳು ಬಿಸಿ ಲೋಟ ಅಥವಾ ತೇವದ ಪಾತ್ರೆ ಇಟ್ಟ ಗುರುತು. ಅರಗಿನ ಪದರದೊಳಗೆ ತೇವ ಸಿಕ್ಕಿಕೊಂಡರೆ ಹಾಗೆ ಬೆಳ್ಳಗಾಗುತ್ತದೆ. ಮರಕ್ಕೆ ಏನೂ ಆಗಿರುವುದಿಲ್ಲ. ಹತ್ತಿ ಉಂಡೆಯನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಕಟ್ಟಿ, ಸ್ಪಿರಿಟ್‌ನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಉಂಗುರದ ಮೇಲೆ ಗಾಳಿ ಸವರಿದಂತೆ ಒಂದೆರಡು ಸಲ ಹಾಯಿಸಿ. ಒತ್ತಬೇಡಿ, ನಿಲ್ಲಿಸಬೇಡಿ. ಬಟ್ಟೆ ಒಂದೇ ಕಡೆ ನಿಂತರೆ ಪಾಲಿಶ್ ಕರಗಿ ಅಂಟಿಕೊಳ್ಳುತ್ತದೆ. ಮೊದಲು ಮೇಜಿನ ಹಿಂಬದಿಯಲ್ಲಿ ಪ್ರಯೋಗ ಮಾಡಿ.

ಅರಗಿನ ಪಾಲಿಶ್‌ನ ದೊಡ್ಡ ಗುಣವೇ ಇದು. ಹಳೆಯ ಪದರ ಹೊಸ ಸ್ಪಿರಿಟ್‌ಗೆ ಕರಗಿ ಹೊಸ ಪದರದೊಂದಿಗೆ ಬೆರೆತುಹೋಗುತ್ತದೆ. ಎಲ್ಲಿ ಕೆಟ್ಟಿದೆಯೋ ಅಲ್ಲಿಗಷ್ಟೇ ದುರಸ್ತಿ ಮಾಡಬಹುದು. ಪಿ.ಯು. ಹಾಗಲ್ಲ. ಒಂದು ಕಡೆ ಸಿಪ್ಪೆ ಎದ್ದರೆ ಇಡೀ ಮೇಜನ್ನೇ ಉಪ್ಪು ಕಾಗದದಲ್ಲಿ ಉಜ್ಜಬೇಕು, ಉಜ್ಜಿದಂತೆಲ್ಲ ತೇಗದ ಮೇಲ್ಮೈಯ ಬಣ್ಣ ಹೋಗುತ್ತದೆ. ಇಷ್ಟು ವರ್ಷ ಹಳೆಯ ಆ ಜೇನುಬಣ್ಣ ಮತ್ತೆ ಬರುವುದಿಲ್ಲ.

ಅಂದ ಹಾಗೆ, ನಿಮ್ಮ ಖಾನೆಯಲ್ಲಿರುವ ಕೆಂಪು ಕಡ್ಡಿಯೂ ಮೇಜಿನ ಮೇಲಿನ ಹೊಳಪೂ ಒಂದೇ ಹುಳುವಿನ ಸಂಪಾದನೆ. ನಮ್ಮೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಕರೆಯುತ್ತೇವೆ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ಅದು ಹೆಸರಾಗಿದೆ. ಆದರೆ ಅದರ ಹುಟ್ಟು ಅರಗಿನಿಂದ, ಮುದ್ರೆಯ ಅರಗನ್ನೂ ಅಲ್ಲಿ ಮಾಡಿದ್ದಾರೆ. ನಿಮ್ಮ ಕಡ್ಡಿಯ ಮೇಲೆ ಏನಾದರೂ ಅಚ್ಚು ಇದ್ದರೆ ಓದಿ ಹೇಳಿ.

ಶಾಯಿಯ ಕಪ್ಪು ಕಲೆಯನ್ನು ಆಕ್ಸಾಲಿಕ್ ಆಮ್ಲದಿಂದ ತೆಗೆಯಬಹುದು. ನನ್ನನ್ನು ಕೇಳಿದರೆ ಬಿಡಿ. ಅದು ಕೊಳೆಯಲ್ಲ, ಅಲ್ಲಿ ಒಬ್ಬರು ಕುಳಿತು ಬರೆದ ಗುರುತು.

ಪೇಟೆ ಬೀದಿ ಕಿರ್ದಿ | ಮಂಡ್ಯ

ಮೇಜು ಕುರ್ಚಿ ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ನೆನೆಯೋಣ. ಪೇಟೆ ಬೀದಿಯ ನಮ್ಮ ಅಂಗಡಿಯಲ್ಲಿ ಅಪ್ಪ ಕಡೆಯವರೆಗೂ ನೆಲದ ಮೇಲೆ ಗಾದಿ ಹಾಕಿಕೊಂಡೇ ಕುಳಿತವರು. ಮುಂದೆ ಮೊಣಕಾಲೆತ್ತರದ ಇಳಿಜಾರು ಡೆಸ್ಕು. ಮುಚ್ಚಳ ಎತ್ತಿದರೆ ಒಳಗೆ ಚಿಲ್ಲರೆ, ರಸೀತಿ ಪುಸ್ತಕ, ಕುಂಕುಮದ ಭರಣಿ. ಮುಚ್ಚಳದ ಮೇಲೆ ಕಿರ್ದಿ ಪುಸ್ತಕ. ಇಳಿಜಾರಿನ ಮೇಲೆ ಬರೆಯುವಾಗ ಕತ್ತನ್ನು ಅಷ್ಟಾಗಿ ಬಗ್ಗಿಸಬೇಕಾಗುವುದಿಲ್ಲ. ನಾನು ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಕತ್ತು ನೋವು ಎನ್ನುತ್ತಿದ್ದವನು, ಈಗ ಆ ಡೆಸ್ಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಾಪೆಯ ಮೇಲೆ ಕೂರುತ್ತೇನೆ. ಎರಡು ವರ್ಷವಾಯಿತು. ಅಪ್ಪ ಕಬ್ಬಿನ ರೈತರ ಸಾಲದ ಲೆಕ್ಕ ಬರೆದ ಜಾಗದಲ್ಲಿ ನಾನು ಜಿ.ಎಸ್.ಟಿ. ಲೆಕ್ಕ ಹಾಕುತ್ತೇನೆ.

ನನ್ನದೊಂದು ಪ್ರಶ್ನೆ: ಡೆಸ್ಕಿನ ತಳದಲ್ಲಿ ಕಪ್ಪು ಬಟ್ಟೆಯ ಮಡಿಕೆ ಒಂದು ಸಿಕ್ಕಿದೆ. ಬಿಡಿಸಿದರೆ ಹಾರ್ಮೋನಿಯಂ ತಿದಿಯಂತೆ ತೆರೆದುಕೊಳ್ಳುತ್ತದೆ, ಮೇಲೆ ಬಿಳಿಯ ಮಸುಕಾದ ಅಂಕಿಗಳು. ಅಮ್ಮ ಎಸೆಯಲು ಹೊರಟಿದ್ದರು. ಏನಿದು?

ಓಲೆಗರಿ | ಮಾನಸಗಂಗೋತ್ರಿ

ಪೇಟೆ ಬೀದಿಯವರೇ, ದಯವಿಟ್ಟು ಎಸೆಯಲು ಬಿಡಬೇಡಿ! ಅದೇ ಕಡತ. ನಾವು ಈಗ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಮಾತಿನ ಮೂಲ ವಸ್ತು ನಿಮ್ಮ ಕೈಯಲ್ಲಿದೆ.

ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ನಯಗೊಳಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ, ಮಸಿ ಬಳಿದು, ಮತ್ತೆ ಬರೆಯಬಹುದಿತ್ತು. ಶಾನುಭೋಗರೂ ವರ್ತಕರೂ ಮಠಗಳೂ ಲೆಕ್ಕ ಇಡುತ್ತಿದ್ದುದು ಇದರಲ್ಲಿ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಹೋಗುತ್ತದೆ, ಒರೆಸಬೇಡಿ. ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಣ ಬಜೆಯ ತುಂಡುಗಳನ್ನು ಪುಟ್ಟ ಗಂಟು ಕಟ್ಟಿಡಿ. ಹುಳಗಳಿಗೆ ಆ ವಾಸನೆ ಆಗದು. ಪ್ರತಿ ಹಾಳೆಯ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು, ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಒಮ್ಮೆ ತೋರಿಸಿ. 1891ರಲ್ಲಿ ಆರಂಭವಾದ ಸಂಸ್ಥೆ ಅದು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದ್ದು ಅಲ್ಲಿಯೇ. ಯಾವುದೋ ಮನೆಯವರು ಎಸೆಯದೆ ಇಟ್ಟುಕೊಂಡಿದ್ದರಿಂದ ಅದು ಅಲ್ಲಿಯವರೆಗೆ ಬಂತು.

ತೇಗದ ಮೇಜಿನವರಿಗೂ ಒಂದು ವಿನಂತಿ. ಹಳೆಯ ಕಾಗದಗಳಲ್ಲಿ ಗುಂಡುಪಿನ್ನು, ಜೆಮ್ ಕ್ಲಿಪ್ ಇದ್ದರೆ ಮೊದಲು ಅವನ್ನು ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಕಾಗದವನ್ನೇ ತಿಂದು ತೂತು ಮಾಡುತ್ತದೆ. ಹರಿದ ಕಡೆ ಅಂಟುಪಟ್ಟಿ ಹಾಕಬೇಡಿ, ಹಳದಿಗಟ್ಟಿ ಅಕ್ಷರದ ಜೊತೆಗೇ ಕಿತ್ತುಬರುತ್ತದೆ. ಹಿರಿಯರು ಹೇಳಿದ ದಬ್ಬಳ ಮತ್ತು ಹತ್ತಿ ದಾರ, ಇವೇ ಕಾಗದಕ್ಕೆ ಹಿತ.

ಸೀನಿಯರ್ ಗ್ರೇಡ್ | ಮಂಡ್ಯ

ಟೈಪ್‌ರೈಟರ್ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಮಂಡ್ಯದಲ್ಲಿ ನಮ್ಮದೊಂದು ಬೆರಳಚ್ಚು ಶಾಲೆಯಿತ್ತು. ಬೆಳಿಗ್ಗೆ ಆರಕ್ಕೆ ಮೊದಲ ಗುಂಪು, ರಾತ್ರಿ ಎಂಟಕ್ಕೆ ಕಡೆಯ ಗುಂಪು. ಹನ್ನೆರಡು ಯಂತ್ರಗಳು ಒಟ್ಟಿಗೆ ಓಡುವಾಗ ತಗಡಿನ ಮಾಡಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ ನ್ಯಾಯಾಲಯ, ತಾಲ್ಲೂಕು ಕಚೇರಿ, ಬ್ಯಾಂಕುಗಳಿಗೆ ಸೇರಿದರು. ಎಷ್ಟೋ ಮನೆಗಳ ಒಲೆ ಆ ಕೀಲಿಗಳಿಂದ ಉರಿದಿದೆ. ಆದ್ದರಿಂದ ಹೋಟೆಲುಗಳ ಗೋಡೆಯ ಗೂಡಿನಲ್ಲಿ ರಿಬ್ಬನ್ ಇಲ್ಲದ, ಕೀಲಿ ಕಿತ್ತ ಟೈಪ್‌ರೈಟರ್ ಕಂಡಾಗ ನನಗೆ ಸಂಕಟವಾಗುತ್ತದೆ. ಕೀಲಿಗಳನ್ನು ಕತ್ತರಿಸಿ ಓಲೆ, ಉಂಗುರ ಮಾಡುತ್ತಾರೆಂದು ಕೇಳಿದ್ದೇನೆ. ಓಡುವ ಯಂತ್ರವನ್ನು ಹಾಗೆ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲೇ ತಯಾರಾದ ಮೊದಲ ಟೈಪ್‌ರೈಟರ್ ಬಂದದ್ದು 1955ರಲ್ಲಿ, ಗೋದ್ರೆಜ್‌ನಿಂದ. 2009ರ ಹೊತ್ತಿಗೆ ಅವರೂ ತಯಾರಿಕೆ ನಿಲ್ಲಿಸಿದರು. ಕನ್ನಡದ ಯಂತ್ರವೆಂದರೆ ಇನ್ನೂ ವಿಶೇಷ. ಕೆ. ಅನಂತಸುಬ್ಬರಾಯರು ನಮ್ಮ ಲಿಪಿಗೆ ಕೀಲಿಮಣೆ ಹೊಂದಿಸಿದವರು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಏಟು. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲವನ್ನೂ ಅಷ್ಟೇ ಕೀಲಿಗಳೊಳಗೆ ಕೂರಿಸಬೇಕು. ಒಂದು ಒತ್ತಕ್ಷರಕ್ಕೆ ಎರಡು ಮೂರು ಏಟು ಬೇಕಾಗುತ್ತದೆ. ಕೈ ಪಳಗಿದವರು ಅದನ್ನು ಲೆಕ್ಕಿಸದೆ ಹೊಡೆಯುತ್ತಾರೆ.

ನಿಮ್ಮ ಯಂತ್ರಕ್ಕೆ ಹೀಗೆ ಮಾಡಿ. ಮೊದಲು ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಿರಿ. ಅಕ್ಷರದ ಕಡ್ಡಿಗಳು ಬೀಸಣಿಗೆಯಂತೆ ಸೇರುವ ಕಬ್ಬಿಣದ ಬಿಲ್ಲಿನೊಳಗೆ ಎಣ್ಣೆ ಮಾತ್ರ ಹಾಕಬೇಡಿ. ಎಣ್ಣೆ ಹಾಕಿದ ದಿನ ಬೆಣ್ಣೆಯಂತೆ ಓಡುತ್ತದೆ, ಆರು ತಿಂಗಳಿಗೆ ಧೂಳು ಕಲೆತು ಅಂಟಾಗುತ್ತದೆ. ಅಲ್ಲಿಗೆ ಸ್ಪಿರಿಟ್ ಸಾಕು. ಕ್ಯಾರೇಜ್ ಓಡುವ ಹಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ರೋಲರಿನ ರಬ್ಬರು ಕಲ್ಲಾಗಿದ್ದರೆ ಒಂದರ ಬದಲು ಎರಡು ಹಾಳೆ ಹಾಕಿ ಹೊಡೆಯಿರಿ, ಅಕ್ಷರ ಕಾಗದವನ್ನು ಕತ್ತರಿಸುವುದಿಲ್ಲ. ರಿಬ್ಬನ್ ಅರ್ಧ ಇಂಚಿನದು. ಮಂಡ್ಯದಿಂದ ಮೈಸೂರಿಗೆ ಹೆಚ್ಚೆಂದರೆ ಒಂದು ಗಂಟೆ. ನೀವು ಒಪ್ಪಿದರೆ ನನ್ನ ಪೆಟ್ಟಿಗೆ ಹಿಡಿದು ಬಂದು ನೋಡುತ್ತೇನೆ, ಕೂಲಿ ಬೇಡ.

ನಮ್ಮ ಶಾಲೆ ಮುಚ್ಚಿ ವರ್ಷಗಳಾದವು. ಎರಡು ಯಂತ್ರ ಇಟ್ಟುಕೊಂಡಿದ್ದೇನೆ. ಆಯುಧಪೂಜೆಯ ದಿನ ಅವುಗಳಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ವಿಜಯದಶಮಿಯ ಬೆಳಿಗ್ಗೆ ತಪ್ಪದೆ ಒಂದು ಹಾಳೆ ಹೊಡೆಯುತ್ತೇನೆ.

ಹತ್ತಡಿ ಕೋಣೆ | ಹೂಟಗಳ್ಳಿ

ಓದಿ ಸಂತೋಷವಾಯಿತು, ಸ್ವಲ್ಪ ಬೇಸರವೂ ಆಯಿತು. ನಾನು ಬಾಡಿಗೆಯ ಒಂದೇ ಕೋಣೆಯಲ್ಲಿರುವವನು. ತಾತನ ಮೇಜಿಲ್ಲ, ತಾತ ಓದು ಬರಹ ಕಲಿತವರಲ್ಲ. ಮಡಚುವ ಮೇಜೊಂದಿದೆ, ರಾತ್ರಿ ಅದನ್ನು ಮಡಚಿದ ಮೇಲೆಯೇ ಹಾಸಿಗೆ ಬಿಚ್ಚಬೇಕು. ಇಂಥ ಸೊಗಸು ತೊಟ್ಟಿಮನೆಯಿರುವವರಿಗೆ ಮಾತ್ರವೇ?

ಶಾಯಿ ಕುಡಿಕೆ | ಜಯಲಕ್ಷ್ಮೀಪುರಂ

ಹತ್ತಡಿ ಕೋಣೆಯವರೇ, ಖಂಡಿತ ಅಲ್ಲ. ನಿಮಗೆ ಬೇಕಾಗಿರುವುದು ಮೂರು ವಸ್ತು: ಒಂದು ಫೌಂಟನ್ ಪೆನ್ನು, ಒಂದು ಶಾಯಿ ಕುಡಿಕೆ, ಗಟ್ಟಿ ಕಾಗದದ ಒಂದು ಪುಸ್ತಕ. ಮೂರೂ ಸೇರಿ ಒಂದು ಊಟದ ತಟ್ಟೆಯ ಜಾಗ ಹಿಡಿಯುವುದಿಲ್ಲ. ದೇಶೀ ಪೆನ್ನು ನೂರಿನ್ನೂರು ರೂಪಾಯಿಗೂ ಸಿಗುತ್ತದೆ. ಬ್ರಿಲ್ ಅಥವಾ ಕ್ಯಾಮೆಲ್ ಶಾಯಿಯ ಕುಡಿಕೆ ತಂದರೆ ತಿಂಗಳುಗಟ್ಟಲೆ ಬರುತ್ತದೆ. ನನ್ನ ಮೊದಲ ಪೆನ್ನನ್ನೂ ನಾನು ಹಾಸ್ಟೆಲಿನ ಟ್ರಂಕಿನ ಮೇಲಿಟ್ಟೇ ಬರೆದದ್ದು.

ಇನ್ನು ಪೆನ್ನಿನ ಬಗ್ಗೆ, ಇದು ನನ್ನ ಪ್ರೀತಿಯ ವಿಷಯ, ಸ್ವಲ್ಪ ಹೆಚ್ಚು ಬರೆದರೆ ಸಹಿಸಿಕೊಳ್ಳಿ. ಕನ್ನಡದ ಅಕ್ಷರಕ್ಕೆ ನಿಬ್ಬು ಹೇಳಿಮಾಡಿಸಿದಂತಿದೆ. ನಮ್ಮ ಅಕ್ಷರಗಳೆಲ್ಲ ದುಂಡು. ಬಾಲ್‌ಪೆನ್ನನ್ನು ಒತ್ತಿ ಉರುಳಿಸಬೇಕು, ಹತ್ತು ಪುಟಕ್ಕೆ ಹೆಬ್ಬೆರಳು ನೋಯುತ್ತದೆ. ನಿಬ್ಬನ್ನು ಒತ್ತುವ ಅಗತ್ಯವೇ ಇಲ್ಲ, ಪೆನ್ನಿನ ತೂಕವೇ ಸಾಕು. 'ಳ' ಬರೆಯುವಾಗ ನೋಡಿ, ಸುರುಳಿಯ ಒಳಗೆ ಶಾಯಿ ಒಂದು ಕ್ಷಣ ಒದ್ದೆಯಾಗಿ ಹೊಳೆದು, ನೀವು ಮುಂದಿನ ಅಕ್ಷರಕ್ಕೆ ಹೋಗುವಷ್ಟರಲ್ಲಿ ಆರುತ್ತದೆ. ತಲೆಕಟ್ಟಿನ ಕೊನೆಯಲ್ಲಿ ಕೈ ಎತ್ತುವ ಕಡೆ ಬಣ್ಣ ಒಂದು ಛಾಯೆ ಗಾಢವಾಗಿ ನಿಲ್ಲುತ್ತದೆ.

ತೇಗದ ಮೇಜಿನವರು ತಾತನ ಪೆನ್ನನ್ನು ಬಿಸಿ ನೀರಿಗೆ ಹಾಕಬೇಡಿ. ಹಳೆಯ ಪೆನ್ನುಗಳ ಮೈ ಎಬೊನೈಟ್ ಆಗಿರಬಹುದು, ಗಟ್ಟಿ ಮಾಡಿದ ರಬ್ಬರು ಅದು. ಬಿಸಿ ನೀರಿಗೆ ಕಂದುಗಟ್ಟುತ್ತದೆ. ತಣ್ಣೀರಿನಲ್ಲಿ ನಿಬ್ಬಿನ ಭಾಗವನ್ನಷ್ಟೇ ರಾತ್ರಿ ಇಡಿ, ಬೆಳಿಗ್ಗೆ ನೀರು ಬದಲಿಸಿ. ಬಣ್ಣ ಬರುವುದು ನಿಲ್ಲುವವರೆಗೆ, ನಾಲ್ಕು ದಿನವಾದರೂ ಸರಿ, ಕಾಯಿರಿ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಎಂದಿಗೂ ಫೌಂಟನ್ ಪೆನ್ನಿಗೆ ತುಂಬಬೇಡಿ, ಒಳಗೆ ಗಟ್ಟಿಯಾಗಿ ಕೂತುಬಿಡುತ್ತದೆ.

ಮೇಜಿನ ಮೇಲಿನ ಕಪ್ಪು ಕಲೆಯ ಬಗ್ಗೆ: ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದರು. ಅಳಲೆಯ ಒಗರೂ ಅನ್ನಭೇದಿಯ ಕಬ್ಬಿಣವೂ ಸೇರಿ ಕಪ್ಪಾಗುತ್ತದೆ. ದಫ್ತರಕ್ಕೆ ಬಳಸುತ್ತಿದ್ದ ನೀಲಿಗಪ್ಪು ಶಾಯಿಯ ತತ್ತ್ವವೂ ಅದೇ. ಬರೆದಾಗ ತೆಳುವಾಗಿ ಕಂಡದ್ದು ಗಾಳಿ ತಾಗಿದಂತೆ ಕಪ್ಪಾಗುತ್ತ ಹೋಗುತ್ತದೆ. ಆದ್ದರಿಂದಲೇ ಹಳೆಯ ರಿಜಿಸ್ಟರುಗಳನ್ನು ಇಂದಿಗೂ ಓದಬಹುದು.

ಕಡೆಯದಾಗಿ, ಇದನ್ನು ಮರೆಯಬೇಡಿ. ಅರ್ಧಚಂದ್ರದ ಬ್ಲಾಟರಿನಲ್ಲಿ ಹಳೆಯ ಹೀರುಕಾಗದ ಇನ್ನೂ ಸಿಕ್ಕಿಸಿದ್ದರೆ ಅದನ್ನು ಕಿತ್ತು ಎಸೆಯಬೇಡಿ. ಕನ್ನಡಿಯ ಮುಂದೆ ಹಿಡಿದು ನೋಡಿ.

ಹತ್ತಡಿ ಕೋಣೆ | ಹೂಟಗಳ್ಳಿ

ಧನ್ಯವಾದಗಳು ಸರ್. ಸಂಬಳ ಬಂದ ದಿನ ಪೆನ್ನು ತರುತ್ತೇನೆ. ಊರಿನಲ್ಲಿ ಅಜ್ಜಿಗೆ ಮೊಬೈಲಿನಲ್ಲಿ ಮಾತನಾಡಿದರೆ ಕಿವಿ ಕೇಳಿಸುವುದಿಲ್ಲ. ಪತ್ರ ಬರೆದರೆ ಪಕ್ಕದ ಮನೆಯ ಹುಡುಗಿ ಓದಿ ಹೇಳುತ್ತಾಳೆ. ಮೊದಲ ಪತ್ರ ಅಜ್ಜಿಗೆ.

ಬೀಟೆ ಮತ್ತು ಹೊನ್ನೆ | ಮಂಡಿ ಮೊಹಲ್ಲಾ

ಕುರ್ಚಿಯ ಬಗ್ಗೆ ಯಾರೂ ಹೇಳಲಿಲ್ಲ. ಬೆತ್ತದ ಕುರ್ಚಿಗೆ ತೂತು ಬಿದ್ದರೆ ಹಲಗೆ ಬಡಿದು ಮುಚ್ಚುವುದು ಈಗಿನ ರೂಢಿ, ಹಾಗೆ ಮಾಡಿಸಬೇಡಿ. ನಮ್ಮ ಸೆಕೆಗೆ ಬೆತ್ತದ ಹೆಣಿಗೆಯಂಥ ಆಸನ ಬೇರೆ ಇಲ್ಲ, ಬೆನ್ನಿಗೂ ತೊಡೆಗೂ ಗಾಳಿಯಾಡುತ್ತದೆ. ನಮಗೆ ಹೆಣೆದುಕೊಡುವವರು ಕಣ್ಣು ಕಾಣದ ಹಿರಿಯರೊಬ್ಬರು. ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು, ಚೌಕಟ್ಟಿನ ತೂತುಗಳನ್ನು ಬೆರಳ ತುದಿಯಲ್ಲಿ ಎಣಿಸಿಕೊಂಡು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕಡೆಗೆ ಎರಡೂ ಕಡೆಯಿಂದ ಓರೆಯಾಗಿ ಎಳೆಯುತ್ತಾರೆ. ಒಣಗಿದಾಗ ಬೆತ್ತ ಬಿಗಿದುಕೊಂಡು ಎಂಟು ಮೂಲೆಯ ಕಣ್ಣುಗಳು ಸಾಲಾಗಿ ಮೂಡುತ್ತವೆ. ಉಗುರಿನಿಂದ ಮೀಟಿ, ಬಂದ ಸದ್ದಿನಿಂದಲೇ ಬಿಗಿ ಸಾಲದು ಎಂದು ಹೇಳಿಬಿಡುತ್ತಾರೆ. ಬೇಕಾದರೆ ಕುರ್ಚಿಯನ್ನು ನಮ್ಮಲ್ಲಿಗೆ ಕಳಿಸಿ.

ಹಳೆಯ ಗುಮಾಸ್ತ | ಸರಸ್ವತಿಪುರಂ

ಮೇಜನ್ನು ಎಲ್ಲಿಡುತ್ತೀರಿ ಎಂಬುದನ್ನೂ ನೋಡಿಕೊಳ್ಳಿ ಅಮ್ಮಾ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ಬಿಸಿಲು ಮಾತ್ರ ನೇರವಾಗಿ ಮೇಜಿನ ಮೇಲೆ ಬೀಳದಿರಲಿ, ಶಾಯಿಯೂ ಬನಾತೂ ಬಣ್ಣ ಕಳೆದುಕೊಳ್ಳುತ್ತವೆ. ಎಡಗಡೆ ಬಂದ ಕಾಗದ, ಬಲಗಡೆ ಮುಗಿದ ಕಾಗದ, ನಡುವೆ ಒಂದೇ ಒಂದು ಕಾಗದ. ನಮಗೆ ಮೊದಲು ಕಲಿಸಿದ್ದು ಇಷ್ಟೇ.

ತೇಗದ ಮೇಜು | ಕೃಷ್ಣಮೂರ್ತಿಪುರಂ, ಮೈಸೂರು

ಆರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ಬಿಳಿ ಉಂಗುರಗಳಲ್ಲಿ ಮೂರು ಪೂರ್ತಿ ಹೋದವು, ಒಂದು ಅರ್ಧ ಉಳಿಯಿತು. ಬೀಟೆ ಮತ್ತು ಹೊನ್ನೆಯವರು ಸ್ವತಃ ಬಂದು ಎರಡು ದಿನ ಪಾಲಿಶ್ ಎಳೆದರು. ಕಪ್ಪು ಕಲೆಯನ್ನು ಹಾಗೆಯೇ ಬಿಟ್ಟಿದ್ದೇವೆ. ಬನಾತಿಗೆ ನುಸಿ ಹಿಡಿದಿತ್ತು, ಅದನ್ನು ತೆಗೆಸಿ ಹೊಸದು ಹಾಕಿಸಬೇಕಾಯಿತು. ಅರಗಿನ ಕಡ್ಡಿಯ ಮೇಲೆ ಅಚ್ಚು ಇತ್ತು, ಉರಿದು ಉಳಿದದ್ದರಲ್ಲಿ 'ಮೈ' ಒಂದೇ ಅಕ್ಷರ ಓದಲು ಬರುತ್ತದೆ. ಮೊಹರನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಬಂದೆ.

ಕುರ್ಚಿ ಮೊನ್ನೆ ಬಂತು. ಕಣ್ಣು ಕಾಣದ ಆ ಹಿರಿಯರು ಹೆಣೆದದ್ದು. ಕುಳಿತಾಗ ಬೆತ್ತ ಮೆಲ್ಲಗೆ ಕಿರ್ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಮೇಜನ್ನು ಎಡದಿಂದ ಬೆಳ್ಳಬೆಳಕು ಬರುವಂತೆ ತಿರುಗಿಸಿಟ್ಟಿದ್ದೇನೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇದೆ, ಇಲ್ಲದೆ ಆಗದು. ಆದರೆ ಮೊದಲ ಕರಡನ್ನು ಮುದ್ರಿಸಿಕೊಂಡು, ರೂಲು ದೊಣ್ಣೆಯನ್ನು ಸಾಲಿನಿಂದ ಸಾಲಿಗೆ ಉರುಳಿಸುತ್ತ, ತಾತನ ಪೆನ್ನಿನಲ್ಲಿ ತಿದ್ದುತ್ತೇನೆ. ಪರದೆಯ ಮೇಲೆ ಎರಡು ಸಲ ಓದಿಯೂ ಕಾಣದ ತಪ್ಪುಗಳು ಕಾಗದದ ಮೇಲೆ ಒಂದೇ ಸಲಕ್ಕೆ ಸಿಗುತ್ತಿವೆ. ಪೆನ್ನು ಐದು ದಿನ ನೀರಿನಲ್ಲಿತ್ತು, ಆರನೇ ದಿನ ಬರೆಯಿತು.

ಶಾಯಿ ಕುಡಿಕೆಯವರೇ, ಬ್ಲಾಟರಿನಲ್ಲಿ ಗುಲಾಬಿ ಬಣ್ಣದ ಹೀರುಕಾಗದ ಸಿಕ್ಕಿಸಿತ್ತು. ನೀವು ಹೇಳಿದಂತೆ ಬಚ್ಚಲುಮನೆಯ ಕನ್ನಡಿಯ ಮುಂದೆ ಹಿಡಿದೆ. ಒಂದರ ಮೇಲೊಂದು ಬಿದ್ದ ಸಾಲುಗಳು, ಬಹಳಷ್ಟು ಗೋಜಲು. ಆದರೆ ಒಂದು ಅಂಚಿನಲ್ಲಿ ಮೂರು ತುಣುಕು ನಿಚ್ಚಳವಾಗಿ ಓದಲು ಬಂದವು: 'ಚಿರಂಜೀವಿಗೆ', ಅದರ ಕೆಳಗೆ 'ಮಳೆ ಇನ್ನೂ', ಕಡೆಯಲ್ಲಿ 'ನಿನ್ನ ತಾಯಿಗೂ ತಿಳಿಸು'. ಅಪ್ಪನನ್ನು ಕರೆದು ತೋರಿಸಿದೆ. ಅವರು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅಜ್ಜಿ ಆರೈಕೆಗೆಂದು ಅವರ ಜೊತೆಗೇ ಇದ್ದರಂತೆ. ಆ ಪತ್ರ ಈಗ ಇಲ್ಲ. ಅಪ್ಪ ಆ ಕಾಗದವನ್ನು ಕನ್ನಡಿಗೆ ಹಿಡಿದುಕೊಂಡೇ ತುಂಬ ಹೊತ್ತು ನಿಂತಿದ್ದರು.

ಸೀನಿಯರ್ ಗ್ರೇಡ್ ಗುರುಗಳೇ, ಟೈಪ್‌ರೈಟರನ್ನು ಅಟ್ಟದಿಂದ ಇಳಿಸಿದ್ದೇವೆ. ಧೂಳು ತೆಗೆದಿದ್ದೇನೆ, ಎಣ್ಣೆ ಮುಟ್ಟಿಸಿಲ್ಲ. 'ಶ್ರೀ' ಹೊಡೆದರೆ ಕಡ್ಡಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಬರುವ ಭಾನುವಾರ ಬೆಳಿಗ್ಗೆ ಬರಲು ಆಗುತ್ತದೆಯೇ? ಊಟ ನಮ್ಮಲ್ಲೇ.

ಸೀನಿಯರ್ ಗ್ರೇಡ್ | ಮಂಡ್ಯ

ಬರುತ್ತೇನಮ್ಮ. ಎಂಟೂವರೆಯ ರೈಲಿಗೆ ಹೊರಡುತ್ತೇನೆ. ಎರಡು ರಿಬ್ಬನ್ ಎತ್ತಿಟ್ಟಿದ್ದೇನೆ. ನೀವು ಒಂದಿಷ್ಟು ಸ್ಪಿರಿಟ್, ಹಳೆಯ ಹಲ್ಲುಜ್ಜುವ ಬ್ರಷ್, ನಾಲ್ಕು ಬಿಳಿ ಹಾಳೆ ತೆಗೆದಿಟ್ಟಿರಿ. ನಿಮ್ಮ ತಂದೆಯವರಿಗೂ ಮನೆಯಲ್ಲಿರಲು ಹೇಳಿ, ಮೊದಲ ಸಾಲನ್ನು ಅವರೇ ಹೊಡೆಯಲಿ.